ಕೂತು ಕೆಟ್ಟ ಎಂಜಿನ್‌ಗಳು

ಭಾಗಮಂಡಲದಿಂದ ಪಶ್ಚಿಮಕ್ಕೆ ಘಟ್ಟ ಇಳಿಯುತ್ತ ಕೇರಳದ ಪಾಣತ್ತೂರು, ಕಾಞಂಗಾಡಿನತ್ತ ಸಾಗುವ ರಸ್ತೆಯಲ್ಲಿ ಕರಿಕೆ ಸಿಗುತ್ತದೆ. ಕೊಡಗೆಂದರೆ ಕಾಫಿಯೇ ಎಂದುಕೊಂಡು ಬಂದವರಿಗೆ ಇಲ್ಲಿ ಎದುರಾಗುವುದು ಅಡಿಕೆ, ರಬ್ಬರು, ತೆಂಗು, ಕಾಳುಮೆಣಸು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಆ ಮಳೆಗೆ ತೋಟದ ತುಂಬ ಕಳೆ ಏಳುತ್ತದೆ, ಅಡಿಕೆಗೆ ಕೊಳೆರೋಗ ತಗಲುತ್ತದೆ. ಬೇಸಗೆ ಬಂತೆಂದರೆ ಅದೇ ತೋಟಕ್ಕೆ ತೊರೆಯಿಂದ ನೀರೆತ್ತಬೇಕಾಗುತ್ತದೆ. ಮೂರೂ ಕೆಲಸಕ್ಕೆ ಆಳು ಸಿಗುವುದು ಕಷ್ಟವಾದ್ದರಿಂದ ಇಂಥ ಊರುಗಳ ಅನೇಕ ಕೊಟ್ಟಿಗೆಗಳಲ್ಲಿ ಎರಡೋ ಮೂರೋ ಸಣ್ಣ ಪೆಟ್ರೋಲ್ ಎಂಜಿನ್‌ಗಳು ಬಂದು ಕೂತಿವೆ: ಹುಲ್ಲು ಹೊಡೆಯುವ ಮಿಷನ್, ಮದ್ದು ಬಿಡುವ ಪಂಪು, ನೀರೆತ್ತುವ ಪಂಪ್‌ಸೆಟ್. ಹೊಸದಕ್ಕೆ ದುಡ್ಡು ಹೊಂದದವರು ಸೆಕೆಂಡ್ ಹ್ಯಾಂಡ್ ತರುತ್ತಾರೆ. ತಂದ ಮೇಲೆ ಅದು ಬೇಕೆಂದ ದಿನವೇ ಸ್ಟಾರ್ಟ್ ಆಗುವುದಿಲ್ಲ. ಹಗ್ಗ ಎಳೆದು ಎಳೆದು ರಟ್ಟೆ ಸೋತ ಮೇಲೆ 'ಎಂಜಿನ್ ಹೋಗಿದೆ' ಎಂಬ ತೀರ್ಮಾನ ಬರುತ್ತದೆ. ಹೆಚ್ಚಿನ ಸಲ ಈ ತೀರ್ಮಾನ ತಪ್ಪು ಎಂಬುದು ಈ ಲೇಖನದ ವಾದ. ಸಣ್ಣ ಎಂಜಿನ್ ದುಡಿದು ಸಾಯುವುದಕ್ಕಿಂತ ಕೂತು ಕೆಡುವುದು ಹೆಚ್ಚು. ಹಾಗೆ ಕೆಟ್ಟದ್ದನ್ನು ಕ್ರಮ ತಪ್ಪದೆ ನೋಡಿದರೆ ಮನೆಯಂಗಳದಲ್ಲೇ ಬಹುಪಾಲು ಗುರುತು ಹಚ್ಚಬಹುದು.

ಈ ಮಾತು ತೋಟದ ಮಿಷನ್‌ಗಷ್ಟೇ ಸಲ್ಲುವುದಲ್ಲ. ಮಲ್ಪೆಯಂಥ ಕಡಲತೀರದಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಅಲೆ ಸೀಳುವ ಜೆಟ್ ಸ್ಕೀಯನ್ನು ನೋಡಿ. ಜೆಟ್ ಸ್ಕೀ ಎಂಬುದು ಮೂಲದಲ್ಲಿ ಜಪಾನಿನ ಕಾವಾಸಾಕಿ ಕಂಪನಿ 1970ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ತಂದ ಗಾಡಿಯ ಹೆಸರು. ಈಗ ಅದು ಎಲ್ಲ ಕಂಪನಿಗಳ ನೀರ ಸ್ಕೂಟರ್‌ಗಳಿಗೂ ಅಂಟಿಕೊಂಡಿದೆ. ಮೊದಲ ಮೂರು ದಶಕ ಈ ಗಾಡಿಗಳಲ್ಲಿ ಇದ್ದದ್ದು ಟೂ ಸ್ಟ್ರೋಕ್ ಎಂಜಿನ್. ಅಂದರೆ ನಮ್ಮ ಹುಲ್ಲು ಹೊಡೆಯುವ ಮಿಷನ್ನಿನ ದೊಡ್ಡಣ್ಣ. ಪೆಟ್ರೋಲ್ ಜೊತೆಗೇ ಆಯಿಲ್ ಸುಟ್ಟು, ಆ ಆಯಿಲ್‌ನಿಂದಲೇ ಪಿಸ್ಟನ್ನಿಗೂ ಬೇರಿಂಗಿಗೂ ಜಿಡ್ಡು ಕೊಟ್ಟುಕೊಳ್ಳುವ ಜಾತಿ ಅದು. ಮಳೆಗಾಲದಲ್ಲಿ ಕಡಲು ಕೆರಳಿದಾಗ ಜೆಟ್ ಸ್ಕೀ ತಿಂಗಳುಗಟ್ಟಲೆ ದಡ ಸೇರುತ್ತದೆ. ಮದ್ದಿನ ಪಂಪಿಗೆ ಮಳೆಗಾಲದಲ್ಲೇ ಕೆಲಸ, ಬೇಸಗೆ ಪೂರ್ತಿ ರಜೆ. ಒಂದು ದುಡಿಯುವಾಗ ಇನ್ನೊಂದು ಮಲಗಿರುತ್ತದೆ. ಆದರೆ ಎರಡೂ ರಜೆ ಮುಗಿಸಿ ಎದ್ದಾಗ ತೋರಿಸುವ ರೋಗಲಕ್ಷಣ ಮಾತ್ರ ಒಂದೇ.

ಒಂದು ಲೆಕ್ಕ ಹಾಕಿ ನೋಡೋಣ. ಮೂರು ಎಕರೆ ತೋಟಕ್ಕೆ ವರ್ಷಕ್ಕೆ ಮೂರು ಸಲ ಹುಲ್ಲು ಹೊಡೆಸಬೇಕು, ಸಲಕ್ಕೆ ಐದು ದಿನ ಹಿಡಿಯುತ್ತದೆ, ದಿನಕ್ಕೆ ಐದು ಗಂಟೆ ಮಿಷನ್ ಓಡುತ್ತದೆ ಎಂದಿಟ್ಟುಕೊಂಡರೆ ವರ್ಷದ ದುಡಿಮೆ 75 ಗಂಟೆ. ವರ್ಷದಲ್ಲಿ ಇರುವುದು 8,760 ಗಂಟೆ. ಉಳಿದ ಹೊತ್ತೆಲ್ಲ ಅದು ತೇವದ ಗೋಡೆಗೆ ಒರಗಿಕೊಂಡಿರುತ್ತದೆ. ಸರಿಯಾದ ಆಯಿಲ್ ಕಂಡ ಪಿಸ್ಟನ್ ರಿಂಗು 75 ಗಂಟೆಯಲ್ಲಿ ಸವೆದು ಹೋಗುವ ವಸ್ತುವಲ್ಲ. ಕೂತಾಗ ಆಗುವುದು ಬೇರೆ ಕಥೆ. ಕಾರ್ಬೊರೇಟರಿನಲ್ಲಿ ಉಳಿದ ಪೆಟ್ರೋಲಿನ ಹಗುರ ಅಂಶ ಮೊದಲು ಆವಿಯಾಗಿ ಹೋಗುತ್ತದೆ. ಎಂಜಿನ್ ಹೊತ್ತಿಕೊಳ್ಳಲು ಬೇಕಾದದ್ದೂ ಆ ಹಗುರ ಅಂಶವೇ. ಹಿಂದೆ ಉಳಿಯುವುದು ಹಲಸಿನ ಮೇಣದಂಥ ಅಂಟು. ಪೆಟ್ರೋಲ್ ಹಾಯುವ ಜೆಟ್ಟಿನ ತೂತು ಒಂದು ಮಿಲಿಮೀಟರಿಗಿಂತಲೂ ಕಿರಿದು. ಅದನ್ನು ಮುಚ್ಚಲು ಎಷ್ಟು ಅಂಟು ಬೇಕು? ಹುಲ್ಲಿನ ಮಿಷನ್ನಿನ ಕಾರ್ಬೊರೇಟರಿನೊಳಗೆ ಉಸಿರಾಡಿದಂತೆ ಮೇಲೆ ಕೆಳಗೆ ಆಡುವ ತೆಳ್ಳನೆಯ ಪೊರೆಯೊಂದಿರುತ್ತದೆ, ಡಯಾಫ್ರಂ ಎನ್ನುತ್ತಾರೆ. ಅದು ಗಟ್ಟಿಯಾದರೆ ಪೆಟ್ರೋಲ್ ಎಳೆಯುವುದೇ ಇಲ್ಲ. ಟ್ಯಾಂಕಿನೊಳಗಿನ ರಬ್ಬರ್ ಪೈಪು ಬಿರಿಯುತ್ತದೆ. ಸೈಲೆನ್ಸರಿನ ಬಾಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿದರೂ ಸಾಕು. ಇದರಲ್ಲಿ ಯಾವುದನ್ನೂ 'ಎಂಜಿನ್ ಹೋಗಿದೆ' ಎನ್ನಲಾಗದು.

ಇದಕ್ಕೆ ಈಚೆಗೆ ಇನ್ನೊಂದು ಕಾರಣ ಕೂಡಿಕೊಂಡಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಪ್ರಧಾನಿ ಚಾಲನೆ ಕೊಟ್ಟ ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲ್, ಈಗ ದೇಶದ ಬಂಕುಗಳಲ್ಲಿ ಸಾಮಾನ್ಯ ಪೆಟ್ರೋಲೇ ಆಗಿಬಿಟ್ಟಿದೆ. ಎಥನಾಲಿಗೂ ನೀರಿಗೂ ಬಲು ಸ್ನೇಹ. ಮುಚ್ಚಳ ಸಡಿಲವಿರುವ, ಅರ್ಧ ತುಂಬಿದ ಕ್ಯಾನನ್ನು ಮಳೆಗಾಲದ ಕೊಟ್ಟಿಗೆಯಲ್ಲಿಟ್ಟರೆ ಅದು ಹಸಿಯನ್ನು ಹೀರುತ್ತಲೇ ಇರುತ್ತದೆ. ಮೊದಮೊದಲು ಆ ನೀರು ಕಾಣುವುದಿಲ್ಲ, ಕರಗಿಕೊಂಡಿರುತ್ತದೆ. ಮಿತಿ ಮೀರಿತೆಂದರೆ ಎಥನಾಲ್ ನೀರನ್ನು ಕಟ್ಟಿಕೊಂಡು ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಇದು ಬರೀ ಸ್ಟಾರ್ಟ್ ಆಗದಿರುವ ತೊಂದರೆಯಲ್ಲ. ನಾವು ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನ ಜೊತೆ ಉಳಿಯುತ್ತದೆ. ಟ್ಯಾಂಕಿನೊಳಗೆ ಪೆಟ್ರೋಲ್ ಹೀರುವ ಫಿಲ್ಟರ್ ಮಾತ್ರ ತಳದಲ್ಲಿ ಬಿದ್ದಿರುತ್ತದೆ. ಹೀಗಾಗಿ ಎಂಜಿನ್ನಿಗೆ ಹೋಗುವುದು ಜಿಡ್ಡಿಲ್ಲದ ಎಥನಾಲು, ನೀರು. ಇನ್ನೂ ಒಂದು ಸಂಗತಿಯಿದೆ. ಒಂದು ಕೆ.ಜಿ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು, ಎಥನಾಲಿಗೆ 9 ಕೆ.ಜಿ. ಸಾಕು. ಇ20ಕ್ಕೆ ಮೊದಲಿನ ಪೆಟ್ರೋಲಿಗೆ ಹೊಂದಿಸಿಟ್ಟ ಕಾರ್ಬೊರೇಟರಿಗೆ ಇ20 ಹಾಕಿದರೆ ಗಾಳಿ ಹೆಚ್ಚಾಗಿ, ಪೆಟ್ರೋಲ್ ಕಡಿಮೆಯಾಗಿ, ಎಂಜಿನ್ ಇರಬೇಕಾದದ್ದಕ್ಕಿಂತ ಹೆಚ್ಚು ಕಾಯುತ್ತದೆ. ಹಾಗೆಂದು ಎಲ್ಲ ತಪ್ಪನ್ನೂ ಎಥನಾಲಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಂಟು ಕಟ್ಟುವ ರೋಗ ಎಥನಾಲ್ ಬರುವ ಮೊದಲೂ ಇತ್ತು. ಬಂಕಿನಿಂದ ತಂದು ವಾರದೊಳಗೆ ಸುಟ್ಟರೆ ಇ20ಯಿಂದ ಈ ಬೇರ್ಪಡುವ ತೊಂದರೆ ಬರುವುದು ಅಪರೂಪ. ಬಂಕು ದೂರವಿರುವ ಮಲೆನಾಡಿನ ಮನೆಗಳಲ್ಲಿ 'ಇರಲಿ' ಎಂದು ಹತ್ತು ಲೀಟರ್ ತಂದು, ಆಯಿಲ್ ಬೆರೆಸಿ, ಮುಂದಿನ ಹಂಗಾಮಿನ ತನಕ ಇಟ್ಟುಕೊಳ್ಳುತ್ತೇವಲ್ಲ, ಆ ರೂಢಿಯೇ ಮೂಲ. ಹಳೆಯ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ಸ್ವಲ್ಪ ಹೊತ್ತು ಅಲುಗಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ, ಅಥವಾ ವಾಸನೆ ಪೆಟ್ರೋಲಿನ ಹಾಗಿಲ್ಲದೆ ಕಮಟಾಗಿದ್ದರೆ, ಅದನ್ನು ಎಂಜಿನ್ನಿಗೆ ಹಾಕಲೇಬೇಡಿ. ತೊರೆಗೂ ಚೆಲ್ಲಬೇಡಿ, ಅದೇ ನೀರನ್ನು ಕೆಳಗಿನ ಮನೆಯವರು ಕುಡಿಯುತ್ತಾರೆ.

ಈಗ ಪತ್ತೆ ಹಚ್ಚುವ ಕ್ರಮಕ್ಕೆ ಬರೋಣ. ಯಾವುದೇ ಪೆಟ್ರೋಲ್ ಎಂಜಿನ್ ಓಡಲು ಬೇಕಾದದ್ದು ಮೂರು: ಒತ್ತಡ, ಕಿಡಿ, ಪೆಟ್ರೋಲ್. ನಮ್ಮ ಕಡೆಯ ವಾಡಿಕೆಯಲ್ಲಿ ಕಂಪ್ರೆಷನ್, ಕರೆಂಟು, ಪೆಟ್ರೋಲು. ಹೆಚ್ಚಿನವರು ಮೂರನೆಯದರಿಂದ ಹೊರಟು ಕಾರ್ಬೊರೇಟರ್ ಬಿಚ್ಚಿ ಕೂರುತ್ತಾರೆ. ಮೊದಲು ನೋಡಬೇಕಾದದ್ದು ಕಂಪ್ರೆಷನ್ ಎಂದು ನಾನು ಹೇಳುವುದಕ್ಕೆ ಕಾರಣ ಸರಳ: ಮೂರರಲ್ಲಿ ನಿಜವಾಗಿ ದುಬಾರಿಯಾದ ಕಾಯಿಲೆ ಅದೊಂದೇ, ಮತ್ತು ಅದನ್ನು ನೋಡಲು ಖರ್ಚೇನೂ ಇಲ್ಲ. ಸ್ವಿಚ್ ಆಫ್ ಮಾಡಿ, ಹಗ್ಗದ ಹಿಡಿಯನ್ನು ಮಾತ್ರ ಹಿಡಿದು ಮಿಷನ್ನನ್ನು ನಿಧಾನ ಮೇಲೆತ್ತಿ. ಬ್ಲೇಡು ತೆಗೆದಿರಲಿ, ಕೆಳಗಿನಿಂದ ಇನ್ನೊಬ್ಬರು ಆಧಾರ ಕೊಡಲಿ. ಮಿಷನ್ ತನ್ನ ಭಾರಕ್ಕೆ ತಡೆತಡೆದು, ಒಂದೊಂದೇ ಹೆಜ್ಜೆ ಇಳಿದಂತೆ ಇಳಿದರೆ ರಿಂಗು, ಬೋರ್ ಸುಸ್ಥಿತಿಯಲ್ಲಿವೆ. ಒಂದೇ ಏಟಿಗೆ ಜರ್ರನೆ ಇಳಿದರೆ ಒತ್ತಡ ಸೋರುತ್ತಿದೆ, ಎಂಜಿನ್ ಕೆಲಸ ಬರಬಹುದು. ಜೆಟ್ ಸ್ಕೀಯಂಥ ದೊಡ್ಡ ಎಂಜಿನ್ನಿಗೆ ಇದೇ ಪರೀಕ್ಷೆಯನ್ನು ಪ್ಲಗ್ಗಿನ ತೂತಿಗೆ ಒತ್ತಡದ ಮೀಟರ್ ತಿರುಗಿಸಿ ಕೂರಿಸಿ ಮಾಡುತ್ತಾರೆ; ಅಲ್ಲಿ ಒಂದೊಂದು ಸಿಲಿಂಡರಿನ ಅಂಕಿ ಎಷ್ಟೆಂಬುದಕ್ಕಿಂತ ಎಲ್ಲ ಸಿಲಿಂಡರುಗಳ ಅಂಕಿ ಹತ್ತಿರ ಹತ್ತಿರವಿದೆಯೇ ಎಂಬುದು ಹೆಚ್ಚು ಹೇಳುತ್ತದೆ. ಒಂದರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕುಸಿತ ಕಂಡರೆ ಆ ಸಿಲಿಂಡರಿಗೆ ಏನೋ ಆಗಿದೆ.

ಕಂಪ್ರೆಷನ್ ಸರಿಯಿದ್ದರೆ ಪ್ಲಗ್ಗು ಬಿಚ್ಚಿ. ಈ ಬೆರಳುದ್ದದ ಬಿಡಿಭಾಗದಷ್ಟು ಸತ್ಯ ಹೇಳುವುದು ಇಡೀ ಎಂಜಿನ್ನಿನಲ್ಲಿ ಇನ್ನೊಂದಿಲ್ಲ. ಹಲವು ಸಲ ಹಗ್ಗ ಎಳೆದ ಮೇಲೂ ಪ್ಲಗ್ಗಿನ ಮೂತಿ ಒಣಗಿದ್ದರೆ ಪೆಟ್ರೋಲ್ ಅಲ್ಲಿಗೆ ಬರುತ್ತಲೇ ಇಲ್ಲ. ಫಿಲ್ಟರು, ಪೈಪು, ಕಾರ್ಬೊರೇಟರಿನತ್ತ ಹೋಗಿ. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಹೊತ್ತಿಕೊಂಡಿಲ್ಲ. ಕಿಡಿ ನೋಡಿ, ಇಲ್ಲವೇ ಚೋಕ್ ಎಳೆದೇ ಬಿಟ್ಟು ಪೆಟ್ರೋಲ್ ಓವರ್ ಆಗಿದೆಯೇ ನೋಡಿ. ಓಡುತ್ತಿದ್ದ ಎಂಜಿನ್ನಿನ ಪ್ಲಗ್ಗು ಕಾಫಿಪುಡಿಯ ತಿಳಿ ಬಣ್ಣಕ್ಕಿದ್ದರೆ ಒಳಗಿನ ಉರಿ ಹದವಾಗಿದೆ. ಕಪ್ಪು ಜಿಡ್ಡು ಮೆತ್ತಿದ್ದರೆ ಆಯಿಲ್ ಹೆಚ್ಚು, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ. ಸುಣ್ಣದಂತೆ ಬೆಳ್ಳಗಾಗಿದ್ದರೆ ಅಪಾಯ: ಪೆಟ್ರೋಲ್ ಸಾಲದೆ ಎಂಜಿನ್ ಸುಡುತ್ತಿದೆ, ಹೀಗೇ ಬಿಟ್ಟರೆ ಸೀಜ್ ಆಗುತ್ತದೆ. ಕಿಡಿ ನೋಡುವುದು ಎಲ್ಲರಿಗೂ ಗೊತ್ತು. ಪ್ಲಗ್ಗಿಗೆ ಕ್ಯಾಪ್ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿ, ಹಗ್ಗ ಎಳೆದರೆ ನೀಲಿ ಕಿಡಿ ಹಾರಬೇಕು. ಆದರೆ ಪ್ಲಗ್ಗಿನ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತಿರುತ್ತದೆ, ಅದರ ಪಕ್ಕದಲ್ಲೇ ಕಿಡಿ ಹಾರಿಸಬಾರದು. ತೂತಿಗೆ ಬಟ್ಟೆ ಮುಚ್ಚಿ, ಪ್ಲಗ್ಗನ್ನು ದೂರದಲ್ಲಿ ತಾಗಿಸಬೇಕು. ಕಿಡಿ ಇಲ್ಲದಿದ್ದರೆ ಕಾಯಿಲ್ ಹೋಯಿತು ಎನ್ನುವ ಮೊದಲು ಹೊಸ ಪ್ಲಗ್ಗು ಹಾಕಿ ನೋಡಿ. ಆಮೇಲೆ ಸ್ವಿಚ್ಚಿನ ವಯರು ಎಲ್ಲಾದರೂ ಸಿಪ್ಪೆ ಸುಲಿದು ಎಂಜಿನ್ನಿನ ಮೈಗೆ ತಾಗಿದೆಯೇ ನೋಡಿ. ಮಳೆಗಾಲದಲ್ಲಿ ಇಲಿ ವಯರು ಕಡಿಯುವುದು ಹೊಸದೇನಲ್ಲ.

ಎಂಜಿನ್ ಚೆನ್ನಾಗಿ ಓಡಿಯೂ ಕೆಲಸ ನಡೆಯದ ಸಂದರ್ಭವನ್ನು ಬೇರೆಯಾಗಿಯೇ ನೋಡಬೇಕು. ಜೆಟ್ ಸ್ಕೀ ಭರ್ರೆಂದು ಶಬ್ದ ಮಾಡುತ್ತದೆ, ಮುಂದೆ ಹೋಗುವುದಿಲ್ಲ. ಅದು ಓಡುವುದು ತಳದಿಂದ ನೀರನ್ನು ಎಳೆದು, ಇಂಪೆಲ್ಲರ್ ಎಂಬ ಚಕ್ರದಿಂದ ಹಿಂದಕ್ಕೆ ಚಿಮ್ಮಿಸುವ ಬಲದಿಂದ. ಮರಳು ತಿಂದು ಆ ಚಕ್ರದ ಅಂಚೋ ಅದರ ಸುತ್ತಲಿನ ಬಳೆಯೋ ಸವೆದಿದ್ದರೆ, ಬಲೆಯ ತುಂಡೊಂದು ಸುತ್ತಿಕೊಂಡಿದ್ದರೆ, ಎಂಜಿನ್ ಬಿಚ್ಚಿ ಏನು ಪ್ರಯೋಜನ? ಪಂಪ್‌ಸೆಟ್ಟಿನಲ್ಲೂ ಇದೇ ಕಥೆ. ಎಂಜಿನ್ ಓಡುತ್ತದೆ, ನೀರು ಬರುವುದಿಲ್ಲ. ಫುಟ್ ವಾಲ್ವಿನಲ್ಲಿ ಕಸ ಸಿಕ್ಕಿರುತ್ತದೆ, ಇಲ್ಲವೇ ಹೀರುವ ಪೈಪಿನ ಜೋಡಣೆಯಲ್ಲಿ ಗಾಳಿ ಎಳೆಯುತ್ತಿರುತ್ತದೆ. ಹುಲ್ಲಿನ ಮಿಷನ್ನಿನಲ್ಲಿ ಬ್ಲೇಡು ತಿರುಗದಿದ್ದರೆ ಸವೆದದ್ದು ಬಹುಶಃ ಕ್ಲಚ್ಚು. ಶಬ್ದ ಬರುವುದು ಎಂಜಿನ್ನಿನಿಂದಾದ್ದರಿಂದ ಅನುಮಾನವೂ ಅದರ ಮೇಲೇ ಬೀಳುತ್ತದೆ.

ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. 'ಎಂಜಿನ್ ಸಾಯುವುದು ಕೂತಲ್ಲ, ಆಯಿಲ್ ಬೆರೆಸದ ಪೆಟ್ರೋಲ್ ಕುಡಿದು' ಎಂದು ರಿಪೇರಿ ಮಾಡುವವರು ಹೇಳುತ್ತಾರೆ. ಅದು ನಿಜ, ತಳ್ಳಿಹಾಕುವಂತಿಲ್ಲ. ಬಾಡಿಗೆಗೆ ಕೊಟ್ಟ ಮಿಷನ್ನಿಗೆ ಬೈಕಿನ ಪೆಟ್ರೋಲನ್ನೇ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಪಿಸ್ಟನ್ ಬೋರಿಗೆ ಕಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ ಹೇಳುವ ಅಳತೆ 50ಕ್ಕೆ 1, ಅಂದರೆ ಲೀಟರಿಗೆ 20 ಮಿ.ಲೀ. ಒಳ್ಳೆಯ ಟೂ ಸ್ಟ್ರೋಕ್ ಆಯಿಲ್. ಕೆಲವು ಆಯಿಲಿಗೆ, ಕೆಲವು ಮಿಷನ್ನಿಗೆ 25ಕ್ಕೆ 1, ಲೀಟರಿಗೆ 40 ಮಿ.ಲೀ. ಮಿಷನ್ನಿನ ಪುಸ್ತಕ ಏನು ಹೇಳುತ್ತದೋ ಅದೇ ಕೊನೆಯ ಮಾತು. ಕಣ್ಣಳತೆ ಬೇಡ. ಆದರೆ ಈ ಆಕ್ಷೇಪ ಪೂರ್ತಿ ನಿಲ್ಲುವುದಿಲ್ಲ. ಸೈಲೆನ್ಸರ್ ತೆಗೆದು ಆ ಕಿಂಡಿಯಿಂದ ಇಣುಕಿದಾಗ ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೀರು ಕಂಡರೆ ಅದು ಜಿಡ್ಡು ಸಾಲದ ಗುರುತು, ಸರಿ. ಜಿಡ್ಡು ಯಾಕೆ ಸಾಲಲಿಲ್ಲ? ಯಾರೋ ಆಯಿಲ್ ಹಾಕಲು ಮರೆತದ್ದರಿಂದಲೂ ಆಗಬಹುದು, ಬೇರ್ಪಟ್ಟ ಹಳೆಯ ಪೆಟ್ರೋಲಿನ ತಳವನ್ನು ಎಂಜಿನ್ ಹೀರಿದ್ದರಿಂದಲೂ ಆಗಬಹುದು, ಅಂಟು ಕಟ್ಟಿದ ಜೆಟ್ಟು ಪೆಟ್ರೋಲಿನ ಜೊತೆ ಆಯಿಲನ್ನೂ ತಡೆದದ್ದರಿಂದಲೂ ಆಗಬಹುದು. ಗೀರು ಮೂರಕ್ಕೂ ಒಂದೇ. ಆಳಿನ ಮೇಲೆ ತಪ್ಪು ಹೊರಿಸುವ ಮೊದಲು ಕ್ಯಾನಿನ ತಳವನ್ನು ನೋಡಬೇಕು.

ಇನ್ನೊಂದು ಆಕ್ಷೇಪ: ಕಾರ್ಬೊರೇಟರ್ ಬದಲಿಸಿದೊಡನೆ ಮಿಷನ್ ಓಡಿತಲ್ಲ, ಇಷ್ಟೆಲ್ಲ ಪರೀಕ್ಷೆ ಯಾಕೆ? ಓಡಿತು, ಏಕೆಂದರೆ ಹಳೆಯ ಕಾರ್ಬೊರೇಟರಿನ ಜೊತೆ ಅದರೊಳಗಿನ ಅಂಟೂ ಹೋಯಿತು. ಟ್ಯಾಂಕಿನಲ್ಲಿ ಅದೇ ಪೆಟ್ರೋಲ್, ಅದೇ ಕಟ್ಟಿದ ಫಿಲ್ಟರ್, ಅದೇ ಬಿರಿದ ಪೈಪು ಉಳಿದಿದ್ದರೆ ಹೊಸದಕ್ಕೂ ಅದೇ ಗತಿ. ಮಳೆಗಾಲದ ನಡುವೆ ಅಂಗಡಿಯಲ್ಲಿ ಮಿಷನ್‌ಗಳು ರಾಶಿ ಬಿದ್ದಿರುವಾಗ ಮೆಕ್ಯಾನಿಕ್‌ಗೆ ಒಂದೊಂದನ್ನೂ ಬಿಚ್ಚಿ ತೊಳೆಯಲು ಹೊತ್ತಿರುವುದಿಲ್ಲ, ಬದಲಿಸಿ ಕಳಿಸುವುದು ಸುಲಭ. ಅದಕ್ಕಾಗಿ ಅವರನ್ನು ದೂರುವಂತಿಲ್ಲ. ಕಂಪ್ರೆಷನ್ ಇದೆ, ಕಿಡಿ ಇದೆ, ಪ್ಲಗ್ಗು ಒಣಗಿತ್ತು ಎಂದು ನಾವೇ ಹೇಳಬಲ್ಲೆವಾದರೆ ಅವರ ಅರ್ಧ ಕೆಲಸ ಮುಗಿದಂತೆ, ನಮ್ಮ ಅರ್ಧ ಖರ್ಚು ಉಳಿದಂತೆ. ಫೋರ್ ಸ್ಟ್ರೋಕ್ ತಂದರೆ ಈ ತಾಪತ್ರಯವಿಲ್ಲ ಎನ್ನುವವರೂ ಇದ್ದಾರೆ. ಜೆಟ್ ಸ್ಕೀ ಲೋಕದಲ್ಲಿ ಯಮಹಾ 2002ರ ಹೊತ್ತಿಗೆ ಫೋರ್ ಸ್ಟ್ರೋಕ್ ತಂದ ಮೇಲೆ ಉಳಿದವರೂ ಅದೇ ದಾರಿ ಹಿಡಿದರು, ಹೋಂಡಾದ 35.8 ಸಿಸಿ ಎಂಜಿನ್ ಕೂರಿಸಿದ ಹುಲ್ಲಿನ ಮಿಷನ್‌ಗಳು ನಮ್ಮ ತೋಟಗಳಿಗೂ ಬಂದಿವೆ. ಆಯಿಲ್ ಬೆರೆಸುವ ಗೊಡವೆ ತಪ್ಪಿತು, ಹೊಗೆಯೂ ಕಡಿಮೆ. ಆದರೆ ತೋಟದ ಮಿಷನ್ನಿನ ಕಾರ್ಬೊರೇಟರ್ ಅದೇ, ಪೆಟ್ರೋಲೂ ಅದೇ. ಬ್ಯಾಟರಿ ಮಿಷನ್ನೂ ಹೊರತಲ್ಲ, ಲಿಥಿಯಂ ಬ್ಯಾಟರಿಯನ್ನು ಪೂರ್ತಿ ಇಳಿಸಿ ತಿಂಗಳುಗಟ್ಟಲೆ ಬಿಟ್ಟರೆ ಅದೂ ಹಾಳಾಗುತ್ತದೆ.

ಹಾಗಾದರೆ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಏನು ಕೇಳಬೇಕು? 'ಎಷ್ಟು ಓಡಿದೆ' ಎಂದಲ್ಲ, 'ಕೊನೆಯ ಸಲ ಓಡಿದ್ದು ಯಾವಾಗ' ಎಂದು. ದಿನವೂ ದುಡಿಯುವ ಹಳೆಯ ಮಿಷನ್ ಎರಡು ವರ್ಷ ಗೋಣಿಯೊಳಗೆ ಮಲಗಿದ ಹೊಳಪಿನ ಮಿಷನ್ನಿಗಿಂತ ನಂಬಿಕಸ್ಥ. ನೋಡಲು ಹೋದಾಗ ಮೊದಲು ಎಂಜಿನ್ನಿನ ಮೈ ಮುಟ್ಟಿ. ಬೆಚ್ಚಗಿದ್ದರೆ ನಾವು ಬರುವ ಮೊದಲೇ ಒಮ್ಮೆ ಓಡಿಸಿಟ್ಟಿದ್ದಾರೆ. ಬಿಸಿ ಎಂಜಿನ್ ಸ್ಟಾರ್ಟ್ ಆಗುವುದು ದೊಡ್ಡ ಸಾಕ್ಷಿಯಲ್ಲ. ತಣ್ಣಗಾಗುವ ತನಕ ಕಾಯಿರಿ. ಸ್ಟಾರ್ಟ್ ಆದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ವೇಗ ತಾನಾಗಿ ಏರುತ್ತಿದ್ದರೆ ಎಲ್ಲೋ ಗಾಳಿ ಒಳಗೆ ಸೋರುತ್ತಿದೆ, ಬಹುಶಃ ಕ್ರ್ಯಾಂಕಿನ ಸೀಲು, ಅಂಥದ್ದು ಬೇಡ. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿ. ಜೆಟ್ ಸ್ಕೀ ಕೊಳ್ಳುವವರಾದರೆ ನೆಲದ ಮೇಲೆ ಬರಿದೇ ಓಡಿಸಿ ತೋರಿಸಿದ್ದನ್ನು ನಂಬಬೇಡಿ, ನೀರಿಗಿಳಿಸಿ ನೋಡಿ. ಅನೇಕ ಜೆಟ್ ಸ್ಕೀಗಳ ಎಂಜಿನ್ನನ್ನು ತಣಿಸುವುದು ಹೊರಗಿನ ನೀರೇ. ನೀರಿಲ್ಲದೆ ಓಡಿದರೆ ಅದು ಬಹುಬೇಗ ಕಾಯುತ್ತದೆ.

ಕಡಲಿನ ಗಾಡಿಗೆ ಉಪ್ಪು ಹೇಗೋ ಕರಿಕೆಯ ಮದ್ದಿನ ಪಂಪಿಗೆ ಮೈಲುತುತ್ತ ಹಾಗೆ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಅಧ್ಯಯನ ಪ್ರಕಟಿಸಿದ ಕಾಲದಿಂದ ಬೋರ್ಡೋ ದ್ರಾವಣ ಅಡಿಕೆ ಬೆಳೆಗಾರರ ಕೈಬಿಟ್ಟಿಲ್ಲ: ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು. ಕಾಯಿಯನ್ನು ಕಾಯುವ ಅದೇ ಮೈಲುತುತ್ತ ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ, ಸುಣ್ಣ ವಾಲ್ವಿನಲ್ಲಿ ಗಟ್ಟಿ ಕಟ್ಟುತ್ತದೆ. ಮಲ್ಪೆಯಲ್ಲಿ ಜೆಟ್ ಸ್ಕೀಯನ್ನು ಸಿಹಿನೀರು ಹಾಯಿಸಿ ತೊಳೆಯಬೇಕಾದಂತೆ ಮದ್ದಿನ ಪಂಪಿಗೂ ದಿನದ ಕೊನೆಗೆ ಬರೀ ನೀರು ಹಾಯಿಸಬೇಕು. ಒಂದೆರಡು ಮರ ಉಳಿದಿದೆ, ನಾಳೆ ನೋಡೋಣ ಎಂದು ದ್ರಾವಣ ತುಂಬಿಟ್ಟ ಪಂಪು ನಾಳೆ ಕೈಕೊಟ್ಟರೆ, ಆ ವಾರದಲ್ಲಿ ಬಿಸಿಲು ಮತ್ತೆ ಬರುತ್ತದೆಂಬ ಖಾತರಿ ಇಲ್ಲಿಲ್ಲ.

ಹಂಗಾಮು ಮುಗಿದ ಮೇಲಿನ ಅರ್ಧ ಗಂಟೆಯ ಕೆಲಸ ಹೀಗಿದೆ. ಟ್ಯಾಂಕ್ ಖಾಲಿ ಮಾಡಿ, ಸ್ಟಾರ್ಟ್ ಮಾಡಿ, ಕಾರ್ಬೊರೇಟರಿನ ಕೊನೆಯ ಹನಿ ಉರಿದು ತಾನಾಗಿ ನಿಲ್ಲುವವರೆಗೆ ಓಡಿಸಿ. ಓಡಿಸುವುದು ಬಯಲಲ್ಲಿರಲಿ, ಮುಚ್ಚಿದ ಕೊಟ್ಟಿಗೆಯಲ್ಲಿ ಆ ಹೊಗೆ ಪ್ರಾಣಕ್ಕೇ ಅಪಾಯ. ಎಂಜಿನ್ ತಣಿದ ಮೇಲೆ ಪ್ಲಗ್ಗು ಬಿಚ್ಚಿ, ಟೂ ಸ್ಟ್ರೋಕ್ ಆಯಿಲನ್ನು ಚಿಕ್ಕ ಚಮಚೆಯಷ್ಟು ಸುರಿದು, ಹಗ್ಗವನ್ನು ಎರಡು ಸಲ ಮೆಲ್ಲಗೆ ಎಳೆದು, ಪ್ಲಗ್ಗು ಹಾಕಿ. ಡಯಾಫ್ರಂ ಒಣಗಿದರೆ ಗಟ್ಟಿಯಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗಬಹುದು. ಆದರೆ ಡಯಾಫ್ರಂ ಕಡಿಮೆ ಬೆಲೆಯ ಪೊರೆ, ಅದನ್ನು ಬದಲಿಸಿದರಾಯಿತು. ಅಂಟು ಕಟ್ಟಿದ ಕಾರ್ಬೊರೇಟರ್ ಹಾಗಲ್ಲ. ಇಡುವ ಜಾಗ ಒಣಗಿರಲಿ. ಮನೆಯಲ್ಲಿ ಎಲ್ಲಕ್ಕಿಂತ ಒಣಗಿರುವ ಜಾಗ ಒಲೆಯ ಮೇಲಿನ ಅಟ್ಟ ನಿಜ, ಮೆಣಸಿಗೂ ಬೀಜಕ್ಕೂ ಅದು ಸರಿ. ಪೆಟ್ರೋಲ್ ವಾಸನೆ ಇರುವ ಯಾವುದನ್ನೂ ಅಲ್ಲಿಡಬೇಡಿ. ಈ ಸಲ ಕೊನೆಯ ಮದ್ದು ಬಿಟ್ಟು ಮುಗಿದ ದಿನ, ಪಂಪನ್ನು ಮೂಲೆಗೆ ಒರಗಿಸುವ ಮೊದಲು, ದಯವಿಟ್ಟು ಅದರ ಟ್ಯಾಂಕಿನ ಮುಚ್ಚಳ ತೆರೆದು ನೋಡಿ.